ಕಂಡು ವಿಚಾರಿಸಲಾಯಿತು

“ತೊಂದರೆ ಏನಾದರೂ ಇದೆಯಾ?” ಎಂದು ನ್ಯಾಯಾಧೀಶ ಎದುರಿಗಿದ್ದ ಕಡತವನ್ನು ಕೇಳಿದ.

“ಇಲ್ಲ ಸ್ವಾಮಿ, ಎಲ್ಲಾ ಚೆನ್ನಾಗಿದೆ,” ಎಂದಿತು ಗೋಡೆ.

ಅವನು ಸಹಿ ಹಾಕಿದ. ಬೆಂಚ್ ಕ್ಲರ್ಕ್ ಆ ಕಡತವನ್ನು ಎಳೆದುಕೊಂಡು, ಅದೇ ಜಾಗಕ್ಕೆ ಇನ್ನೊಂದನ್ನು ತಳ್ಳಿ, ಇನ್ನೊಂದು ಹೆಸರು ಕೂಗಿದ. ಮತ್ತೆ ಅದೇ ಪ್ರಶ್ನೆ, ಗೋಡೆಯಿಂದ ಅದೇ ಉತ್ತರ. ದಿನದ ಕೆಲಸದಲ್ಲಿ ಇದೊಂದು ಮಾತ್ರ ಎಣ್ಣೆ ಹಾಕಿದ ಹಾಗೆ ನಡೆಯುತ್ತದೆಂದು ಅವನಿಗೆ ಒಳಗೊಳಗೇ ಸಮಾಧಾನವಿತ್ತು. ಸಾಕ್ಷಿಗಳು ಬರುವುದಿಲ್ಲ, ವಕೀಲರು ವಾಯಿದೆ ಕೇಳುತ್ತಾರೆ, ಕಕ್ಷಿಗಾರರು ಅಳುತ್ತಾರೆ. ಕೈದಿಗಳು ಎಂದೂ ತಲೆನೋವು ಕೊಟ್ಟವರಲ್ಲ.

ಗೋಡೆಯೆಂದರೆ ಗೋಡೆಗೆ ಬಿಗಿದ ಟೀವಿ. ಹಿಡಿದಿಟ್ಟ ಮನುಷ್ಯನನ್ನು ಆಗಾಗ ನ್ಯಾಯಾಧೀಶನ ಮುಂದೆ ತಂದು ನಿಲ್ಲಿಸಬೇಕು, ಅವನು ಬದುಕಿದ್ದಾನೆ, ಪೆಟ್ಟು ತಿಂದಿಲ್ಲ ಎಂದು ಕಣ್ಣಾರೆ ಕಂಡ ಮೇಲೆಯೇ ಇನ್ನಷ್ಟು ದಿನ ಒಳಗಿಡಲು ಅಪ್ಪಣೆ ಕೊಡಬೇಕು ಎನ್ನುತ್ತದೆ ಕಾನೂನು. ಬರೆದವರು ಯಾರೋ, ಪಾಪ, ಜೈಲಿನವರನ್ನು ನಂಬದ ಜನ. ಮೊದಲೆಲ್ಲ ಕೈದಿಗಳನ್ನು ವ್ಯಾನಿನಲ್ಲಿ ತುಂಬಿಕೊಂಡು ಬರುತ್ತಿದ್ದರು. ಆಮೇಲೆ ವ್ಯಾನು ಇದ್ದರೆ ಡ್ರೈವರ್ ಇಲ್ಲ, ಡ್ರೈವರ್ ಇದ್ದರೆ ಬೆಂಗಾವಲಿಗೆ ಪೊಲೀಸರಿಲ್ಲ ಎಂದಾಗಿ, ಜೈಲಿನ ಒಂದು ಕೋಣೆಯಲ್ಲಿ ಕ್ಯಾಮೆರಾ ಇಟ್ಟು ಅದರೆದುರಿಗೆ ಒಂದು ಕುರ್ಚಿ ಹಾಕಿದರು. ಹೆಸರು ಕರೆದಾಗ ಅಲ್ಲಿ ಕುರ್ಚಿಯಲ್ಲಿ ಕೂತರೆ ಇಲ್ಲಿ ಹಾಜರಾದ ಹಾಗೆ.

ಟೀವಿ ಹಾಕಲು ಬಂದವನು ಪ್ಲಗ್ ಎಲ್ಲಿತ್ತೋ ಅಲ್ಲಿ ಹಾಕಿ ಹೋಗಿದ್ದ. ಅದು ನ್ಯಾಯಾಧೀಶನ ಎಡಗಡೆ, ಹೆಚ್ಚುಕಡಿಮೆ ಬೆನ್ನ ಹಿಂದೆ, ಸೂರಿಗೆ ಹತ್ತಿರ. ಜನ ಕೂರುವ ಬೆಂಚಿನಿಂದ ನೋಡಿದರೆ ಕಿಟಕಿಯ ಬೆಳಕು ಬಿದ್ದು ಬರೀ ಹೊಳಪು. ನ್ಯಾಯಾಧೀಶ ನೋಡಬೇಕೆಂದರೆ ಕತ್ತನ್ನು ಪೂರ್ತಿ ಹೊರಳಿಸಿ ಮೇಲೆತ್ತಬೇಕು. ಅವನ ಕತ್ತಿನ ಎಲುಬು ಸವೆದಿತ್ತು. ಡಾಕ್ಟರು ಗಲ್ಲದಿಂದ ಭುಜದವರೆಗೆ ಬರುವ ದಪ್ಪ ಪಟ್ಟಿ ಕೊಟ್ಟಿದ್ದರು. ಅದನ್ನು ಕಟ್ಟಿಕೊಂಡರೆ ನೆಟ್ಟಗೆ ಮುಂದೆ ನೋಡಬಹುದು, ಕಣ್ಣು ಕೆಳಗೆ ಮಾಡಿ ಓದಬಹುದು, ಸಹಿ ಹಾಕಬಹುದು. ನ್ಯಾಯಾಧೀಶನಿಗೆ ಇನ್ನೇನು ಬೇಕು? ಟೀವಿಯನ್ನು ಎದುರಿಗೆ ಹಾಕಿಕೊಡಿ ಎಂದು ಅವನು ಮೇಲಿನವರಿಗೆ ಬರೆದಿದ್ದ. ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂದಿತ್ತು. ತನ್ನ ಕರ್ತವ್ಯ ಮುಗಿಯಿತೆಂದು ಅವನೂ ಕೈತೊಳೆದುಕೊಂಡಿದ್ದ.

ಪ್ರತಿಯೊಂದು ಕಡತದಲ್ಲೂ ಆದೇಶ ಒಂದೇ. “ವಿಡಿಯೊ ಮೂಲಕ ಹಾಜರುಪಡಿಸಲಾಯಿತು. ಕಂಡು ವಿಚಾರಿಸಲಾಯಿತು. ತೊಂದರೆಯಿಲ್ಲವೆಂದು ತಿಳಿಸಿದ. ಬಂಧನ ವಿಸ್ತರಿಸಲಾಗಿದೆ.” ಸ್ಟೆನೊ ಇದನ್ನು ಕಂಪ್ಯೂಟರಿನಲ್ಲಿ ಮೊದಲೇ ಹೊಡೆದಿಟ್ಟುಕೊಂಡಿದ್ದಳು. ಹೆಸರು ಬದಲಾಯಿಸಿ ಒಂದು ಗುಂಡಿ ಒತ್ತಿದರೆ ಸಾಕು, ಹಾಳೆ ಹೊರಗೆ ಬರುತ್ತಿತ್ತು.

ಮುಂದಿನ ಕೇಸು ಒಬ್ಬ ಲಿಫ್ಟ್ ರಿಪೇರಿಯವನದು. ಯಾವುದೋ ಕಟ್ಟಡದ ನೆಲಮಾಳಿಗೆಯಿಂದ ತಾಮ್ರದ ತಂತಿ ಕದ್ದ ಆರೋಪ, ಜಾಮೀನು ಕೊಡುವವರಿಲ್ಲ.

“ತೊಂದರೆ ಏನಾದರೂ ಇದೆಯಾ?”

“ಇಲ್ಲ ಸ್ವಾಮಿ, ಎಲ್ಲಾ ಚೆನ್ನಾಗಿದೆ.”

“ಅದು ನನ್ನ ತಮ್ಮ ಅಲ್ಲ.”

ಇದು ಗೋಡೆಯ ಮಾತಲ್ಲ. ಹಿಂದಿನ ಬೆಂಚಿನಿಂದ ಒಬ್ಬ ಹೆಂಗಸು ಎದ್ದು ನಿಂತಿದ್ದಳು.

“ಯಾರಮ್ಮ ಅದು? ಸುಮ್ನೆ ಕೂತ್ಕೋ,” ಎಂದ ಕ್ಲರ್ಕ್.

“ಕೂತ್ಕೊಳ್ಳಲ್ಲ. ಈಗ ಕರೆದ್ರಲ್ಲ, ಲಿಫ್ಟ್ ರಿಪೇರಿಯವನು, ಅವನ ಅಕ್ಕ ನಾನು. ಈಗ ಮಾತಾಡಿದ್ದು ಅವನಲ್ಲ.”

ಕೆಲಸದಿಂದ ಎದ್ದು ನೇರ ಬಂದವಳಿರಬೇಕು, ಅಳತೆಯ ಟೇಪು ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು. ದರ್ಜಿ ಎಂದು ಬೇರೆ ಹೇಳಬೇಕಾಗಿರಲಿಲ್ಲ. ಇಷ್ಟು ದಿನ ಅವಳನ್ನು ಬಾಗಿಲಾಚೆಯೇ ಕೂರಿಸಿದ್ದರಂತೆ. ಇವತ್ತು ಜವಾನ ಎಲ್ಲೋ ಹೋಗಿದ್ದ, ಒಳಗೆ ಬಂದಿದ್ದಳು.

“ನಿನಗೆ ಮುಖ ಕಾಣಿಸಿತಾ?” ಎಂದು ನ್ಯಾಯಾಧೀಶ ಕೇಳಿದ.

“ಇಲ್ಲ ಸ್ವಾಮಿ, ಬರೀ ಹೊಳಪು. ದನಿ ಕೇಳಿಸ್ತು. ನನ್ನ ತಮ್ಮನಿಗೆ ಉಗ್ಗು. ‘ಇಲ್ಲ’ ಅನ್ನೋಕೂ ಅವನು ಉಸಿರು ಕಟ್ಟಿ ಒದ್ದಾಡ್ತಾನೆ. ಹೀಗೆ ನೀರು ಕುಡಿದಷ್ಟು ಸಲೀಸಾಗಿ ‘ಎಲ್ಲಾ ಚೆನ್ನಾಗಿದೆ’ ಅಂತ ಅವನು ಹುಟ್ಟಿದಾಗಿಂದ ಹೇಳಿದ್ದೇ ಇಲ್ಲ.”

ಹಿಂದೆ ಯಾರೋ ನಕ್ಕರು. ನ್ಯಾಯಾಧೀಶನಿಗೆ ಮೈ ಉರಿಯಿತು. ಯಾರ ಮೇಲೆ ಎಂದು ತಕ್ಷಣಕ್ಕೆ ಅವನಿಗೇ ತಿಳಿಯಲಿಲ್ಲ. ಮೊದಲು ಬಂದದ್ದು ಹೆಂಗಸಿನ ಮೇಲಿನ ಸಿಟ್ಟೇ. ನ್ಯಾಯಾಲಯದಲ್ಲಿ ಎದ್ದು ನಿಂತು ಮಾತಾಡುತ್ತಾಳೆ, ಅದೂ ಟೇಪು ನೇತುಹಾಕಿಕೊಂಡು.

“ಟೀವಿ ಆರಿಸಬೇಡಿ, ಅವನನ್ನು ಇನ್ನೊಂದು ಸಲ ಕೇಳ್ತೀನಿ,” ಎಂದ ನ್ಯಾಯಾಧೀಶ.

“ಲೈನ್ ಹೋಯ್ತು ಸಾರ್,” ಎಂದ ಕ್ಲರ್ಕ್. ಅವನ ಕೈ ರಿಮೋಟಿನ ಮೇಲಿತ್ತು.

ನ್ಯಾಯಾಧೀಶ ಸರ್ಕಾರಿ ವಕೀಲನ ಕಡೆ ಇಡೀ ಮೈಯನ್ನೇ ತಿರುಗಿಸಿದ. “ಕೂತಿದ್ದದ್ದು ಯಾರು?”

“ಆರೋಪಿನೇ ಇರಬೇಕು ಸಾರ್.”

“ಇರಬೇಕಾ?”

“ಜೈಲಿನವರು ಕೂರಿಸಿದಾರೆ ಅಂದಮೇಲೆ...” ಎಂದು ಸರ್ಕಾರಿ ವಕೀಲ ನಕ್ಕ. ದೊಡ್ಡ ನಗುವಲ್ಲ. ಬಲ್ಲವರು ಬಲ್ಲವರಿಗೆ ಕೊಡುವಂಥ, ಇದನ್ನೆಲ್ಲ ಎಳೆದಾಡುವುದೇಕೆ ಎನ್ನುವ ನಗು. ಆ ನಗುವಿಲ್ಲದಿದ್ದರೆ ನ್ಯಾಯಾಧೀಶ ಬಹುಶಃ ಸಹಿ ಹಾಕಿಬಿಡುತ್ತಿದ್ದ. ತನ್ನನ್ನೂ ಆ ನಗುವಿನಲ್ಲಿ ಪಾಲುದಾರನನ್ನಾಗಿ ಮಾಡಿದ್ದು ಅವನಿಗೆ ಸಹಿಸಲಾಗಲಿಲ್ಲ.

“ಇವತ್ತು ಕೋರ್ಟು ಏಳುವುದರೊಳಗೆ ಆ ಮನುಷ್ಯನನ್ನು ಖುದ್ದಾಗಿ ತಂದು ನನ್ನ ಮುಂದೆ ನಿಲ್ಲಿಸಬೇಕು. ಟೀವಿಯಲ್ಲಲ್ಲ. ಇಲ್ಲಿ.” ಅವನು ಕಟಕಟೆಯನ್ನು ತೋರಿಸಿದ. ದೂಳು ಹಿಡಿದ ಕಟಕಟೆಯೊಳಗೆ ಯಾರೋ ಹಳೆಯ ಕಡತಗಳನ್ನು ಪೇರಿಸಿದ್ದರು. ಜವಾನ ಬಂದು ಖಾಲಿ ಮಾಡಬೇಕಾಯಿತು.

ಮಧ್ಯಾಹ್ನ ಕೊಠಡಿಯಲ್ಲಿ ಕೂತಾಗ ಅವನಿಗೆ ಹೆಮ್ಮೆಯೆನಿಸಿತು. ಕಾಲೇಜಿನಲ್ಲಿ ವ್ಯಕ್ತಿಸ್ವಾತಂತ್ರ್ಯದ ಮೇಲೆ ಪ್ರಬಂಧ ಬರೆದು ಪದಕ ಗೆದ್ದವನು ಅವನು. ರಾಜನೇ ಹಿಡಿದಿಟ್ಟರೂ ನ್ಯಾಯಾಧೀಶ ‘ತಂದು ತೋರಿಸು’ ಎಂದರೆ ತೋರಿಸಲೇಬೇಕು ಎಂದು ಅದರಲ್ಲಿ ಬರೆದಿದ್ದ. ಪದಕ ಈಗ ಯಾವ ಪೆಟ್ಟಿಗೆಯಲ್ಲಿದೆಯೋ. ಸಿಟ್ಟು ಬಂದು ಎಷ್ಟು ಕಾಲವಾಗಿತ್ತು! ಆ ಸಿಟ್ಟನ್ನು ಅವನು ಚಹಾದ ಜೊತೆ ಚಪ್ಪರಿಸುತ್ತ ಕೂತಿದ್ದಾಗ ಜೈಲಿನ ಸೂಪರಿಂಟೆಂಡೆಂಟ್ ಫೋನು ಮಾಡಿದ.

“ನಮಸ್ಕಾರ ಸಾರ್. ಆದೇಶ ಬಂತು. ಇವತ್ತೇನಾ ಸಾರ್?”

“ಇವತ್ತೇ.”

“ಬೆಂಗಾವಲಿಗೆ ಜನ ಇಲ್ಲ ಸಾರ್. ಎಲ್ಲಾ ಬಂದೋಬಸ್ತಿಗೆ ಹೋಗಿದಾರೆ.”

“ನಿಮ್ಮ ಜೀಪಿಲ್ವಾ?”

“ಜೀಪು ಇದೆ ಸಾರ್.”

“ಮತ್ತೆ?”

“ಏನಿಲ್ಲ ಸಾರ್, ಜೀಪು ಇದೆ ಅಂದೆ.”

ನ್ಯಾಯಾಧೀಶ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ. “ಆ ಹುಡುಗ ಇದ್ದಾನಾ?”

ಆ ಕಡೆ ರಿಜಿಸ್ಟರಿನ ಹಾಳೆ ತಿರುವಿದ ಸದ್ದಾಯಿತು. “ದಾಖಲೆ ಪ್ರಕಾರ ಇದಾನೆ ಸಾರ್.”

“ದಾಖಲೆ ಬಿಡಿ. ನೀವು ಅವನನ್ನ ಕಣ್ಣಲ್ಲಿ ನೋಡಿದ್ದೀರಾ?”

“ಸಾವಿರಾರು ಜನ ಸಾರ್. ನಾನು ಎಲ್ಲಿ ಅಂತ ನೋಡ್ಲಿ? ಹೋದ ವಾಯಿದೇಲಿ ತಾವು ನೋಡಿದೀರಲ್ಲ. ಕಂಡು ವಿಚಾರಿಸಲಾಯಿತು ಅಂತ ತಮ್ಮ ಸಹಿ ಇದೆ. ಆ ಸಹಿ ನೋಡೇ ನಾವು ಇದಾನೆ ಅಂದ್ಕೊಂಡಿರೋದು ಸಾರ್.”

ಕೊಬ್ಬು ಎಷ್ಟಿರಬೇಡ! ನ್ಯಾಯಾಧೀಶ ಫೋನನ್ನು ಕುಕ್ಕಿ ಇಟ್ಟ. ಮನುಷ್ಯನನ್ನು ಕಾಯಲು ಸಂಬಳ ತೆಗೆದುಕೊಳ್ಳುವವನು, ಕಾಯುತ್ತಿದ್ದೀಯಾ ಎಂದರೆ ನಿಮ್ಮ ಸಹಿ ಇದೆ ಎನ್ನುತ್ತಾನೆ. ಅಂದರೆ ಇಷ್ಟು ದಿನ ತಾನು ಅವರನ್ನು ನಂಬಿ ಸಹಿ ಹಾಕಿದ್ದೇನೆ, ಅವರು ತನ್ನ ಸಹಿಯನ್ನು ನಂಬಿ ಕೂತಿದ್ದಾರೆ. ನಡುವೆ ಒಬ್ಬ ಮನುಷ್ಯನಿರಬೇಕಾಗಿತ್ತು.

ಅವನು ಆ ಹುಡುಗನ ಮುಖ ನೆನಪಿಸಿಕೊಳ್ಳಲು ನೋಡಿದ. ಮೊದಲ ದಿನವಾದರೂ ಪೊಲೀಸರು ಖುದ್ದಾಗಿ ತಂದಿದ್ದರಲ್ಲ. ಆ ದಿನ ಪೆನ್ನಿನಲ್ಲಿ ಶಾಯಿ ಮುಗಿದದ್ದು, ಕ್ಲರ್ಕ್ ತನ್ನದನ್ನು ಕೊಟ್ಟದ್ದು ನೆನಪಾಯಿತು. ಆ ಪೆನ್ನು ಹಸಿರು ಬಣ್ಣದ್ದು. ಎದುರಿಗೆ ನಿಂತಿದ್ದವನ ಜಾಗದಲ್ಲಿ ಮಾತ್ರ ಏನೂ ಇರಲಿಲ್ಲ.

ಹೆಂಡತಿಯ ಫೋನು ಬಂತು.

“ರೀ, ಸಂಜೆ ಕತ್ತಿನ ವ್ಯಾಯಾಮದವರು ಬರ್ತಾರೆ, ನೆನಪಿದೆಯಾ?”

“ಬರೋಕಾಗಲ್ಲ. ಒಬ್ಬನನ್ನ ನೋಡಬೇಕು.”

“ಯಾರನ್ನ?”

“ಒಬ್ಬನನ್ನ.”

“ಆಗಲಿ. ನೋಡಿ ಬನ್ನಿ,” ಎಂದಳು ಅವಳು. ವಾರದಿಂದ ಅವಳು ಹೀಗೇ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತಾಳೆ, ಅಷ್ಟೇ. ಬೆಳಿಗ್ಗೆ “ಹುಷಾರಾಗಿದ್ದೀಯ?” ಎಂದು ಪತ್ರಿಕೆ ಓದುತ್ತ ಕೇಳಿದ್ದ. “ಹೂಂ, ಚೆನ್ನಾಗಿದ್ದೀನಿ,” ಎಂದಿದ್ದಳು. ಅದು ಈಗ ನೆನಪಾಗಿ ಅವನಿಗೆ ಯಾಕೋ ಕಸಿವಿಸಿಯಾಯಿತು. ಕಿಟಕಿಯ ಬಳಿ ಹೋಗಿ ನಿಂತ. ಕೆಳಗೆ ಮೆಟ್ಟಿಲಿನ ಮೇಲೆ ದರ್ಜಿ ಹೆಂಗಸು ಕೂತು ಟೇಪನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಬಿಸಿಲು ಅವಳ ಮೇಲೇ ಇತ್ತು. ನೆರಳಿಗೆ ಹೋದರೆ ಗೇಟು ಕಾಣುತ್ತಿರಲಿಲ್ಲ.

ಕೋರ್ಟು ಏಳುವ ಹೊತ್ತಿಗೆ ಜೀಪು ಬಂತು. ಜೈಲಿನ ಅಧಿಕಾರಿಯೊಬ್ಬ ದಪ್ಪ ಮನುಷ್ಯನೊಬ್ಬನನ್ನು ಕೈಹಿಡಿದು ತಂದು ಕಟಕಟೆಯಲ್ಲಿ ನಿಲ್ಲಿಸಿ ಸೆಲ್ಯೂಟ್ ಹೊಡೆದ. ಬಂದವನು ಕ್ಲರ್ಕಿನ ಕಡೆ ನೋಡಿದ. ಕ್ಲರ್ಕ್ ಗೋಣು ಹಾಕಿದ. ದಿನಾ ಬಸ್ಸಿನಲ್ಲಿ ಸಿಗುವವರು ಒಬ್ಬರಿಗೊಬ್ಬರು ಹಾಕುವಂಥ ಗೋಣು. ಹಾಕಿದ ಮೇಲೆ ಕ್ಲರ್ಕಿಗೆ ಎಚ್ಚರವಾಗಿರಬೇಕು, ಕಡತಗಳನ್ನು ಜೋಡಿಸತೊಡಗಿದ.

“ಹೇಳಿದ ಹಾಗೆ ಹಾಜರುಪಡಿಸಿದ್ದೇವೆ ಸಾರ್,” ಎಂದ ಅಧಿಕಾರಿ.

ನ್ಯಾಯಾಧೀಶ ಬೇಕೆಂದೇ ಕೇಳಿದ. “ತೊಂದರೆ ಏನಾದರೂ ಇದೆಯಾ?”

“ಇಲ್ಲ ಸ್ವಾಮಿ, ಎಲ್ಲಾ ಚೆನ್ನಾಗಿದೆ.”

ಆ ದನಿ! ಕಳ್ಳತನದವನದು, ಹೊಡೆದಾಟದವನದು, ಖೋಟಾ ಸಹಿಯವನದು, ಮುದುಕನದು, ಹುಡುಗನದು, ಅವನು ಇಷ್ಟು ಕಾಲ ಕೇಳಿಕೊಂಡು ಬಂದ ಎಲ್ಲರದೂ ಅದೊಂದೇ ದನಿ. ತನ್ನ ಮನೆಯವರ ದನಿಗಿಂತ ಚೆನ್ನಾಗಿ ಗೊತ್ತಿದ್ದ ದನಿ. ಒಂದು ದಿನವೂ ಅವನಿಗೆ ಹೊಳೆದಿರಲಿಲ್ಲ.

“ಇವನಲ್ಲ,” ಎಂದಳು ದರ್ಜಿ. ಮುಂದೆ ಬಂದು ನಿಂತಿದ್ದಳು.

“ಜೈಲಲ್ಲಿ ಮುಖ ಬದಲಾಗತ್ತಮ್ಮ,” ಎಂದ ಅಧಿಕಾರಿ.

“ಭುಜಾನೂ ಅಗಲ ಆಗತ್ತಾ? ನನ್ನ ತಮ್ಮನ ಅಂಗಿ ಎಲ್ಲಾ ನಾನೇ ಹೊಲೆದಿರೋದು. ಅಂಥವು ಎರಡು ಸೇರಿಸಿದ್ರೂ ಇವನಿಗೆ ಹಿಡಿಸಲ್ಲ.” ಅವಳು ನ್ಯಾಯಾಧೀಶನ ಕಡೆ ತಿರುಗಿದಳು. ಬೆಳಗಿನ ಜೋರು ಅವಳ ದನಿಯಲ್ಲಿರಲಿಲ್ಲ. “ಸ್ವಾಮಿ, ಇವರು ಹೇಳೋದೆಲ್ಲ ಬೇಡ. ನೀವು ಹೇಳಿ. ನನ್ನನ್ನ ಜೈಲಿನ ಗೇಟಿನಿಂದ ಒಳಗೆ ಬಿಟ್ಟೇ ಇಲ್ಲ, ನೀವು ಪ್ರತಿ ವಾಯಿದೇಲೂ ನೋಡಿದೀರಂತೆ, ಬರೆದಿದೀರಂತೆ. ಕೊನೇಲಿ ನೋಡಿರೋರು ನೀವೇ. ಹೇಗಿದ್ದ? ತುಂಬಾ ಇಳಿದುಹೋಗಿದ್ನಾ?”

ಅವಳು ಸವಾಲು ಹಾಕುತ್ತಿರಲಿಲ್ಲ. ನಿಜವಾಗಿ ಕೇಳುತ್ತಿದ್ದಳು. ಬೈದಿದ್ದರೆ ನ್ಯಾಯಾಲಯ ನಿಂದನೆ ಎಂದು ಗದರಿಸಬಹುದಿತ್ತು. ಮುಖವೆಲ್ಲ ಬಿಸಿಯಾಗಿ, ಕತ್ತಿನ ಪಟ್ಟಿಯೊಳಗೆ ಬೆವರು ಇಳಿಯಿತು. ಅವಳ ಕಣ್ಣು ತಪ್ಪಿಸಲು ಕಟಕಟೆಯವನ ಮೇಲೆ ರೇಗಿದ.

“ಯಾರಯ್ಯ ನೀನು?”

ಅವನು ಅಧಿಕಾರಿಯ ಮುಖ ನೋಡಿದ. ಅಧಿಕಾರಿ ಸೂರು ನೋಡಿದ.

“ನಾನು ಕುರ್ಚಿಯವನು ಸ್ವಾಮಿ.”

“ಹಾಗಂದ್ರೆ?”

“ಕೋಣೆಯಿಂದ ಒಬ್ಬೊಬ್ಬರನ್ನ ಕರ್ಕೊಂಡು ಬರೋಕೆ ಜನ ಸಾಲಲ್ಲ ಸ್ವಾಮಿ. ಹೊತ್ತೂ ಆಗತ್ತೆ, ಇಲ್ಲಿ ತಮಗೂ ಕಾಯಿಸಿದ ಹಾಗಾಗತ್ತೆ. ನನ್ನ ದನಿ ಕ್ಲಿಯರ್ ಆಗಿದೆ ಅಂತ ನನ್ನನ್ನೇ ಕೂರಿಸ್ತಾರೆ. ಯಾರ ಹೆಸರು ಕರೆದ್ರೂ ನಾನೇ.” ಅವನ ಮಾತಿನಲ್ಲಿ ಅಳುಕೇನೂ ಇರಲಿಲ್ಲ. ತನ್ನ ಕೆಲಸದ ಬಗ್ಗೆ ಹೇಳಿಕೊಳ್ಳುವವನ ಸಣ್ಣ ಜಂಬವಿತ್ತು. “ತಮಗೆ ನನ್ನ ಪರಿಚಯ ಇದೆಯಲ್ಲ ಸ್ವಾಮಿ, ಇಷ್ಟು ಸಲ ಮಾತಾಡಿಸಿದೀರಿ.”

“ನಿನ್ನ ಹೆಸರೇನು?”

“ಇವತ್ತಾ ಸ್ವಾಮಿ?”

ಹಿಂದಿನ ಬೆಂಚಿನಲ್ಲಿ ಈ ಸಲ ಯಾರೂ ನಗಲಿಲ್ಲ.

“ನಿನ್ನದೂ ಒಂದು ಕೇಸಿರಬೇಕಲ್ಲ? ನಿನ್ನ ಹೆಸರು ಕರೆದ ದಿನ ಏನು ಹೇಳಿದೆ?”

ಅವನು ಸ್ವಲ್ಪ ಯೋಚಿಸಿದ. “ತೊಂದರೆ ಇಲ್ಲ ಅಂದೆ ಸ್ವಾಮಿ. ಬಾಯಿಪಾಠ ಆಗಿಬಿಟ್ಟಿದೆ.”

“ಇವಳ ತಮ್ಮ ಎಲ್ಲಿ?”

“ನಾನು ನೋಡಿಲ್ಲ ಸ್ವಾಮಿ. ನಾನು ಕುರ್ಚಿ ಕೋಣೆ ಬಿಟ್ಟು ಹೋಗೋದೇ ಇಲ್ಲ.”

ಅಧಿಕಾರಿ ಕೆಮ್ಮಿದ. “ಬೇರೆ ಬ್ಯಾರಕ್ಕಿಗೆ ಹಾಕಿರಬಹುದು ಸಾರ್. ಇಲ್ಲ ಆಸ್ಪತ್ರೆಗೆ ಕಳಿಸಿರಬಹುದು. ಇಲ್ಲ ವರ್ಗ ಆಗಿರಬಹುದು. ವಿಚಾರಿಸಿ ವರದಿ ಕೊಡ್ತೀವಿ.”

“ಬಹುದು, ಬಹುದು, ಬಹುದು!” ನ್ಯಾಯಾಧೀಶ ಮೇಜಿಗೆ ಗುದ್ದಿದ. ಮೇಲಿದ್ದ ಹಾಳೆಗಳು ಹಾರಿದವು. “ಮನುಷ್ಯನನ್ನ ಇಟ್ಕೊಂಡಿದೀರೋ ಮೂಟೇನೋ? ಟೀವಿ ಹಾಕಿ. ಈಗಲೇ. ಅವನು ಬಂದು ಆ ಕುರ್ಚಿಯಲ್ಲಿ ಕೂರೋವರೆಗೂ ಇಲ್ಲಿಂದ ಯಾರೂ ಏಳೋ ಹಾಗಿಲ್ಲ.”

ಕ್ಲರ್ಕಿನ ರಿಮೋಟಿಗೆ ಈ ಸಲ ಲೈನು ಸಿಕ್ಕಿತು. ನ್ಯಾಯಾಧೀಶ ಪಟ್ಟಿಯನ್ನು ಪರ್ರೆಂದು ಕಿತ್ತು ಮೇಜಿನ ಮೇಲೆ ಎಸೆದ. ಹಲ್ಲು ಕಚ್ಚಿ ಕತ್ತು ಹೊರಳಿಸಿದ. ಭುಜದಿಂದ ಬೆನ್ನಿನವರೆಗೆ ಕೆಂಡ ಸುರಿದ ಹಾಗಾಯಿತು. ಕಣ್ಣಲ್ಲಿ ನೀರು ತುಂಬಿ, ಅದು ಇಳಿದ ಮೇಲೆ, ಅವನು ಆ ಕೋಣೆಯನ್ನು ಮೊದಲ ಸಲ ನೋಡಿದ.

ಸುಣ್ಣದ ಗೋಡೆ. ಕಬ್ಬಿಣದ ಕುರ್ಚಿ. ಅದರ ಬೆನ್ನಿನ ಮೇಲೊಂದು ಟವೆಲ್ಲು.

“ಟವೆಲ್ಲು ನನ್ನದು ಸ್ವಾಮಿ,” ಎಂದ ಕಟಕಟೆಯವನು.

ಕ್ಲರ್ಕ್ ಲಿಫ್ಟ್ ರಿಪೇರಿಯವನ ಹೆಸರು ಕೂಗಿದ. ಪರದೆಯ ಅಂಚಿನಲ್ಲಿ ಯಾರದೋ ಖಾಕಿ ತೋಳು ಬಂದು, ನಿಂತು, ಹೋಯಿತು. ಮತ್ತೆ ಕೂಗಿದ. ಆ ಕಡೆ ಎಲ್ಲೋ ಒಂದು ಬಾಗಿಲು ಹಾಕಿಕೊಂಡ ಸದ್ದು. ದರ್ಜಿ ಟೀವಿಯ ಕೆಳಗೇ ಬಂದು ನಿಂತು ಮೇಲೆ ನೋಡುತ್ತಿದ್ದಳು. ಅಲ್ಲಿ ಹೊಳಪು ಬೀಳುತ್ತಿರಲಿಲ್ಲ. ಕೂಗಿ ಕೂಗಿ ಕ್ಲರ್ಕ್ ಸುಮ್ಮನಾದ ಮೇಲೆ ಅವಳೇ ಕರೆದಳು, ಹೆಸರು ಹಿಡಿದಲ್ಲ, “ಪುಟ್ಟಾ” ಎಂದು, ಕೇಳಿಸುವುದೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ.

ಸರ್ಕಾರಿ ವಕೀಲ ಎದ್ದ. ಈಗ ಅವನೂ ನಗುತ್ತಿರಲಿಲ್ಲ. “ಸಾರ್, ಬಂಧನದ ಅವಧಿ ಇವತ್ತಿಗೆ ಮುಗಿಯುತ್ತೆ. ವಿಸ್ತರಣೆ ಆಗದಿದ್ರೆ ನಾಳೆಯಿಂದ ಅಕ್ರಮ ಬಂಧನ. ಬಿಡುಗಡೆ ಮಾಡಬೇಕಾಗುತ್ತೆ.”

“ಮಾಡಿ.”

“ಯಾರನ್ನ ಸಾರ್?”

ಸ್ಟೆನೊ ಕೀಲಿಗಳ ಮೇಲೆ ಬೆರಳಿಟ್ಟು ಕಾಯುತ್ತಿದ್ದಳು. ಎಲ್ಲರೂ ಕಾಯುತ್ತಿದ್ದರು. ನ್ಯಾಯಾಧೀಶನಿಗೆ ಹೇಳಬೇಕಾದ್ದು ಎದೆ ತುಂಬ ಇತ್ತು. ಜೈಲಿನ ಬಾಗಿಲು ತೆಗೆಸುತ್ತೇನೆ, ಒಂದೊಂದು ಕೋಣೆಯನ್ನೂ ನಾನೇ ಹೊಕ್ಕು ನೋಡುತ್ತೇನೆ, ನಿಮ್ಮನ್ನೆಲ್ಲ ಇದೇ ಕಟಕಟೆಯಲ್ಲಿ ನಿಲ್ಲಿಸುತ್ತೇನೆ, ಮೊದಲು ನಾನು ಹೋಗಿ ನಿಲ್ಲುತ್ತೇನೆ. ಖಾಲಿ ಕುರ್ಚಿಯನ್ನೇ ನೋಡುತ್ತ ಅವನು ಬಾಯಿ ತೆರೆದ.

“ತೊಂದರೆ ಏನಾದರೂ ಇದೆಯಾ?”

ಅದು ತನ್ನದೇ ದನಿಯೆಂದು ತಿಳಿಯುವುದರೊಳಗೆ ಕಟಕಟೆಯಿಂದ ಉತ್ತರ ಬಂದಿತ್ತು.

“ಇಲ್ಲ ಸ್ವಾಮಿ, ಎಲ್ಲಾ ಚೆನ್ನಾಗಿದೆ.”

ಬೆನ್ನ ಹಿಂದೆ ಸ್ಟೆನೊ ಗುಂಡಿ ಒತ್ತಿದ್ದು ಕೇಳಿಸಿತು. ಯಂತ್ರ ಗುರುಗುಟ್ಟಿ ಅದೇ ಆದೇಶದ ಹಾಳೆಯನ್ನು ಹೊರಗೆ ತಳ್ಳತೊಡಗಿತು. ಬೇಡ, ನಿಲ್ಲಿಸು ಎನ್ನಲು ಅವನು ತಿರುಗಹೋದ. ಕತ್ತು ಹಿಡಿದುಕೊಂಡಿತ್ತು. ಎಷ್ಟು ಒದ್ದಾಡಿದರೂ ಮುಖ ಈಚೆಗೆ ಬರಲಿಲ್ಲ. ಮೇಲೆ ಸೂರಿನ ಹತ್ತಿರ ಆ ಕುರ್ಚಿ ಅವನನ್ನೇ ನೋಡುತ್ತಿತ್ತು, ಅದರ ಬೆನ್ನಿನ ಮೇಲೆ ಟವೆಲ್ಲು ಗಾಳಿಗೆ ಸ್ವಲ್ಪ ಅಲ್ಲಾಡುತ್ತಿತ್ತು.